ಎರಿ ಮಣ್ಣಿನ ಹಿತ್ತಲದಾಗ ಸುವರ್ಣಗಡ್ಡಿ ಬೆಳೀತದೇನು?

ಹಿತ್ತಲದಾಗ ಗಡ್ಡಿ ಬೆಳೀಬೇಕು ಅಂದ್ರ ನಮ್ಮ ಕೊಲ್ಹಾರ ಕಡೆ ನೆನಪಾಗೋದು ಉಳ್ಳಾಗಡ್ಡಿ, ಮೂಲಂಗಿ, ಗಜ್ಜರಿ. ಶಿವರಾತ್ರಿ ಉಪವಾಸಕ್ಕ ಗೆಣಸು ಬೇಕು, ಅದನ್ನೂ ಸಂತಿಯಿಂದ ತರ್ತೀವಿ. ಈಗ ರೀಲ್ಸ್‌ನಲ್ಲಿ ನೇರಳೆ ಹೆಗ್ಗೆಣಸು, ಆನೆ ಪಾದದಂಥ ಸುವರ್ಣಗಡ್ಡಿ ನೋಡಿದವರು ‘ಇವು ನಮ್ಮಲ್ಲಿ ಬೆಳೀತಾವೇನು?’ ಅಂತ ಕೇಳ್ತಾರ. ಬೆಳೀತಾವ. ಆದರೆ ಎರಡು ಷರತ್ತು: ಮಣ್ಣು ಸಡಿಲ ಇರಬೇಕು, ಗಡ್ಡಿಯ ಗುರುತು ಪಕ್ಕಾ ಇರಬೇಕು.

ಮೊದಲು ಮಣ್ಣು. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಬಗೆಬಗೆಯ ಗಡ್ಡೆ-ಗೆಣಸು ಬೆಳೀತಾರ, ಅಲ್ಲಿ ಅದಕ್ಕಂತ ಮೇಳವೂ ನಡೀತದ. ಆದರೆ ಅವರ ಪದ್ಧತಿಯನ್ನ ಹಾಗೇ ಇಲ್ಲಿಗೆ ತರೋಕಾಗಲ್ಲ. ಅದು ಕಾಡಿನ ಸೀಮೆ, ಮಳೆ ಜೋರು, ನೀರು ಬಸಿದು ಹೋಗೋ ಮಣ್ಣು. ನಮ್ಮದು ಎರಿ ಭೂಮಿ. ನೆನೆದರೆ ಉಬ್ಬಿ ಅಂಟಾಗ್ತದ, ಒಣಗಿದರೆ ಬಿರುಕು ಬಿಡ್ತದ. ಗಡ್ಡಿ ದಪ್ಪ ಆಗೋಕೆ ಸುತ್ತಲಿನ ಮಣ್ಣು ಜಾಗ ಕೊಡಬೇಕು. ಇಲ್ಲಾಂದ್ರ ಸೊಟ್ಟ ಆಗ್ತದ, ನೀರು ನಿಂತರೆ ಕೊಳೀತದ.

ಇದಕ್ಕ ಸುಲಭ ದಾರಿ 50 ಕಿಲೋ ಸಕ್ಕರಿ ಚೀಲ. ಒಂದು ಪಾಲು ಎರಿ ಮಣ್ಣು, ಒಂದು ಪಾಲು ಮಸಾರಿ ಮಣ್ಣು ಅಥವಾ ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪಿ ಗೊಬ್ಬರ ಕಲಿಸಿ ತುಂಬ್ರಿ. ತಳದಾಗ ನಾಲ್ಕೈದು ತೂತು ಮಾಡ್ರಿ. ಒಂದು ಚೀಲಕ್ಕ ಒಂದೇ ಗಿಡ.

ಶುರು ಮಾಡೋರಿಗೆ ನಾನು ಸುವರ್ಣಗಡ್ಡಿಯನ್ನೇ ಹೇಳ್ತೀನಿ. ಕಾರಣ ನೀರು. ಮುಂಗಾರಿನ ಹೊತ್ತಿಗೆ, ಮೇ-ಜೂನ್‌ನಲ್ಲಿ ನೆಟ್ಟರೆ 8-9 ತಿಂಗಳಿಗೆ, ಅಂದ್ರ ಬೇಸಿಗೆ ಕಾವು ಏರೋದರೊಳಗ ಗಡ್ಡಿ ಕೈಗೆ ಬರ್ತದ. ಛತ್ರಿ ಹಂಗ ಹರಡಿದ ಎಲೆ ಹಳದಿಯಾಗಿ ಬಿದ್ದ ಮ್ಯಾಲೆ ನೀರು ಬೇಡ. ಅರ್ಧ ಕಿಲೋದಷ್ಟು ತುಂಡು ತಗೊಳ್ರಿ, ಅದರಲ್ಲಿ ನಡುವಿನ ಮೊಳಕೆಯ ಭಾಗ ಇರಲೇಬೇಕು. ಸಗಣಿ ರಾಡಿಯಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಮೊಳಕೆ ಮ್ಯಾಲ ಮಾಡಿ ನೆಡ್ರಿ. ‘ಗಜೇಂದ್ರ’ ತಳಿ ಸಿಕ್ಕರೆ ಒಳ್ಳೇದು, ತುರಿಕೆ ಕಡಿಮೆ.

ಎರಡನೇದು ನೇರಳೆ ಹೆಗ್ಗೆಣಸು. 250 ಗ್ರಾಂ ತುಂಡು ಸಾಕು. ಇದು ಬಳ್ಳಿ, ಹಬ್ಬೋಕೆ ಗ್ವಾಡಿ ಪಕ್ಕ ಬಿದಿರೋ ಜಾಳಿಗೆಯೋ ಬೇಕು. ಮೂರನೇದು ಕೆಸುವಿನ ಗಡ್ಡಿ. ಇದಕ್ಕ ಸದಾ ತೇವ ಬೇಕು; ಅಕ್ಕಿ, ಕಾಯಿಪಲ್ಯೆ ತೊಳೆದ ನೀರು ಬೀಳೋ ಕಡೆ ಇಟ್ಟರೆ ಅನುಕೂಲ.

ಇನ್ನು ಎರಡನೇ ಷರತ್ತು. ಇದನ್ನ ಗಮನ ಕೊಟ್ಟು ಕೇಳ್ರಿ. ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಹೊಡೆದು, ಅದು ಹೇಳಿದ ಹೆಸರು ನಂಬಿ ಯಾವ ಗಡ್ಡಿನೂ ತಿನ್ನಬ್ಯಾಡ್ರಿ. ಕುಂಡದಾಗಿನ ಕೆಲವು ಚೆಂದದ ಅಲಂಕಾರದ ಗಿಡಗಳ ಎಲೆ ಕೆಸುವಿನ ಎಲೆ ಹಂಗೇ ಕಾಣ್ತದ, ಆದರೆ ತಿನ್ನೋ ಗಿಡ ಅಲ್ಲ. ಕಾಡುಗೆಣಸಿನ ಕೆಲವು ಜಾತಿಗಳಲ್ಲಿ ಡಯೋಸ್ಕೊರಿನ್ ಎಂಬ ವಿಷ ಇರ್ತದ. ಮರಗೆಣಸನ್ನ ಹಸಿ ತಿಂದರೆ ಹೊಟ್ಟೆಯೊಳಗೆ ಸಯನೈಡ್ ಬಿಡುಗಡೆ ಆಗ್ತದ. ಸಿಪ್ಪೆ ತೆಗೆದು, ನೀರಿನಲ್ಲಿ ನೆನೆಸಿ, ಚೆನ್ನಾಗಿ ಕುದಿಸಿ, ಆ ನೀರು ಚೆಲ್ಲಬೇಕು.

ಸುವರ್ಣಗಡ್ಡಿ, ಕೆಸುವಿನ ಗಡ್ಡಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು ಇರ್ತಾವ. ಅರೆಬೆಂದರೆ ನಾಲಿಗೆ, ಗಂಟಲು ತುರಿಸ್ತದ, ಬಾವೂ ಬರಬಹುದು. ಹೆಚ್ಚೋವಾಗ ಕೈಗೆ ಎಣ್ಣಿ ಸವರಿಕೊಳ್ರಿ, ಹುಣಸಿಹುಳಿ ಹಾಕಿ ಪೂರ್ತಿ ಬೇಯಿಸ್ರಿ. ಕಿಡ್ನಿ ಸ್ಟೋನ್ ಇದ್ದವರು ವೈದ್ಯರನ್ನ ಕೇಳಿ ತಿನ್ನೋದು ಒಳಿತು.

ಬಿತ್ತನಿ ಗಡ್ಡಿ ಎಲ್ಲಿ ಸಿಗ್ತದ? ತರಕಾರಿ ಮಾರ್ಕೆಟ್‌ನ ಸುವರ್ಣಗಡ್ಡಿಯನ್ನೂ ನೆಡಬಹುದು, ಮೊಳಕೆಯ ಭಾಗ ಗಟ್ಟಿಯಾಗಿ ಇರಬೇಕಷ್ಟೆ. ತಳಿ ಬಗ್ಗೆ ಕೇಳೋಕೆ ಕೋರ್ತಿ-ಕೊಲ್ಹಾರ ಸೇತುವೆ ದಾಟಿ ಹೋದರೆ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೇ ಅದ. 2008ರಲ್ಲಿ ಶುರುವಾದದ್ದು. ಅಲ್ಲಿನ ತೋಟಗಾರಿಕೆ ಮೇಳಕ್ಕ ಹೋದರೆ ತಜ್ಞರ ಜೊತೆ ನೇರವಾಗಿ ಮಾತಾಡಬಹುದು.

ಒಮ್ಮೆ ಬೆಳೆದ ಮ್ಯಾಲೆ ಎಲ್ಲಾನೂ ಪಲ್ಯ ಮಾಡಿ ಮುಗಿಸಬ್ಯಾಡ್ರಿ. ಚೊಲೋ ಗಡ್ಡಿ ಒಂದೆರಡು ಎತ್ತಿ, ನೆರಳಿನ ಗಾಳಿ ಆಡೋ ಜಾಗದಾಗ ಮರಳ ಮ್ಯಾಲೆ ಇಡ್ರಿ. ಮುಂದಿನ ಮುಂಗಾರಿಗೆ ಬಿತ್ತನಿ ಕೊಳ್ಳೋ ಖರ್ಚಿಲ್ಲ, ನೆರೆಮನಿಯವರಿಗೂ ಒಂದು ತುಂಡು ಕೊಡಬಹುದು. ಕೊಡುವಾಗ ಅದರ ಹೆಸರು, ಬೇಯಿಸೋ ಕ್ರಮ ಎರಡನ್ನೂ ಹೇಳೇ ಕೊಡ್ರಿ.