ಡೆಸಿಬೆಲ್‌ಗೆ ಎಷ್ಟು ರೂಪಾಯಿ?

ಮೂರು ಸಾವಿರ ರೂಪಾಯಿಯ ಒಂದು ಆಂಪ್ಲಿಫೈಯರ್. ಮಲ್ಲೇಶ್ವರದ ಮನೆಯೊಂದರ ತಾರಸಿಯಲ್ಲಿ ಆ್ಯಂಟೆನಾದ ಬುಡಕ್ಕೆ ಕಟ್ಟಿ, 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳ ಸಂಕೇತ ಹಿಡಿಯಲು ಬಳಸಿದರೆ ಅದರ ಲಾಭ ಡೆಸಿಬೆಲ್‌ಗೆ ಸುಮಾರು 263 ರೂಪಾಯಿಯಂತೆ ಬೀಳುತ್ತದೆ. ಅದೇ ಪೆಟ್ಟಿಗೆಯನ್ನು 145.8 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದನಿ ಕೇಳಲು ಬಳಸಿದರೆ ಡೆಸಿಬೆಲ್‌ಗೆ 3,750 ರೂಪಾಯಿ. ಹದಿನಾಲ್ಕು ಪಟ್ಟು ವ್ಯತ್ಯಾಸ. ಹಳೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ರೇಡಿಯೊ ಇಟ್ಟುಕೊಂಡು 'ಏನೂ ಸರಿಯಾಗಿ ಕೇಳಿಸುತ್ತಿಲ್ಲ' ಎನ್ನುವವರು ಖರ್ಚಿಗೆ ಮುನ್ನ ನೋಡಬೇಕಾದ ಲೆಕ್ಕ ಇದು.

ಇಲ್ಲಿನ ದರಗಳು ಲೆಕ್ಕಕ್ಕಾಗಿ ಹಿಡಿದವು. ಎಸ್.ಪಿ. ರೋಡಿನಲ್ಲಿ ಅಂಗಡಿಗೊಂದು ಬೆಲೆ ಇದ್ದೇ ಇರುತ್ತದೆ. ನಿಮ್ಮ ದರ ಹಾಕಿ ಭಾಗಿಸಿಕೊಳ್ಳಿ. ಡೆಸಿಬೆಲ್‌ನ ಲೆಕ್ಕವೂ ಸುಲಭ: 3 ಡೆಸಿಬೆಲ್ ಎಂದರೆ ಎರಡು ಪಟ್ಟು, 10 ಎಂದರೆ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು.

ಊರಿನ ಗದ್ದಲ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.372 ಶಿಫಾರಸಿನಲ್ಲಿ ಮನುಷ್ಯ ಹುಟ್ಟಿಸಿದ ರೇಡಿಯೊ ಗದ್ದಲಕ್ಕೆ ಸೂತ್ರವಿದೆ. ಅದರ ಪ್ರಕಾರ 10 ಮೆಗಾಹರ್ಟ್ಸ್‌ನಲ್ಲಿ ವಸತಿ ಬಡಾವಣೆಯ ಗದ್ದಲ, ಉಷ್ಣದ ತಳಮಟ್ಟಕ್ಕಿಂತ 44.8 ಡೆಸಿಬೆಲ್ ಮೇಲೆ. ನಿಶ್ಶಬ್ದ ಹಳ್ಳಿಗಾಡಿನಲ್ಲಿ 25. ಅಂತರ ಸುಮಾರು 95 ಪಟ್ಟು. 145.8 ಮೆಗಾಹರ್ಟ್ಸ್‌ಗೆ ಬಂದರೂ ಬಡಾವಣೆಯಲ್ಲಿ 12.6 ಡೆಸಿಬೆಲ್ ಉಳಿದಿರುತ್ತದೆ. ಈ ಸೂತ್ರದ ಹಿಂದಿನ ಅಳತೆಗಳು 1970ರ ದಶಕದವು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಮನೆಮನೆಯ ಯುಪಿಎಸ್ ಆಗ ಲೆಕ್ಕದಲ್ಲೇ ಇರಲಿಲ್ಲ.

ವೃತ್ತಿಪರರು ಇದನ್ನು ಮೊದಲೇ ಬಲ್ಲರು. ರಾಮನ್ ಸಂಶೋಧನಾ ಸಂಸ್ಥೆ ಇರುವುದು ಮಲ್ಲೇಶ್ವರದ ಪಕ್ಕದ ಸದಾಶಿವನಗರದಲ್ಲಿ. ಆದರೆ ಅದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಜೊತೆ ಸೇರಿ 34.5 ಮೆಗಾಹರ್ಟ್ಸ್‌ನ ದೂರದರ್ಶಕವನ್ನು ಕಟ್ಟಿದ್ದು ಗೌರಿಬಿದನೂರಿನಲ್ಲಿ: ಒಂದು ಸಾವಿರ ಡೈಪೋಲ್‌ಗಳು, 1.4 ಕಿ.ಮೀ. ಉದ್ದದ ಪೂರ್ವ-ಪಶ್ಚಿಮ ಸಾಲು. ಆ ಆವರ್ತನದಲ್ಲಿ ನಮ್ಮ ಗ್ಯಾಲಕ್ಸಿಯ ಸದ್ದು 16.6 ಡೆಸಿಬೆಲ್, ವಸತಿ ಬಡಾವಣೆಯ ಗದ್ದಲ 29.9. ಅಂದರೆ ಬಸವನಗುಡಿಯಂಥ ಕಡೆ ಆಕಾಶದ ಸದ್ದಿಗಿಂತ ಊರಿನ ಸದ್ದೇ ಇಪ್ಪತ್ತು ಪಟ್ಟು ಜಾಸ್ತಿ. ಅದೇ ಸಂಸ್ಥೆಯ ಆಕಾಶದ ರೇಡಿಯೊ ಸದ್ದು ಅಳೆಯುವ ಸರಸ್-3 ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟಾಗಲೂ ಊರಿನಿಂದ ದೂರವಿರುವುದು ಒಂದು ಉದ್ದೇಶವಾಗಿತ್ತು.

ಆಂಪ್ಲಿಫೈಯರ್: ಎಲ್ಲಿ ಲಾಭ, ಎಲ್ಲಿ ದಂಡ

ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೊ ಡಾಂಗಲ್‌ನ ಸ್ವಂತ ಸದ್ದು 4 ಡೆಸಿಬೆಲ್, 15 ಮೀಟರ್ ಆರ್‌ಜಿ-58 ಕೇಬಲ್‌ನ ನಷ್ಟ 145.8 ಮೆಗಾಹರ್ಟ್ಸ್‌ನಲ್ಲಿ 3 ಡೆಸಿಬೆಲ್ ಎಂದು ಹಿಡಿಯೋಣ. ಊರಿನ ಗದ್ದಲವೂ ಸೇರಿ ಒಟ್ಟು 13.4. ತಾರಸಿಯಲ್ಲಿ 20 ಡೆಸಿಬೆಲ್ ಹೆಚ್ಚಿಸುವ, 1 ಡೆಸಿಬೆಲ್ ಮಾತ್ರ ಸದ್ದು ಸೇರಿಸುವ ಆಂಪ್ಲಿಫೈಯರ್ ಕಟ್ಟಿದರೆ ಒಟ್ಟು 12.6. ಉಳಿದದ್ದು ಬರೀ 0.8. ಕಡಲೆಕಾಯಿ ಪರಿಷೆಯ ನಡುವೆ ಮೈಕು ಹಿಡಿದಂತೆ: ಪಿಸುಮಾತಿನ ಜೊತೆ ಜಾತ್ರೆಯೂ ಅಷ್ಟೇ ಜೋರಾಗುತ್ತದೆ.

1090 ಮೆಗಾಹರ್ಟ್ಸ್‌ನಲ್ಲಿ ಊರಿನ ಗದ್ದಲ ಕಡಿಮೆ, ಕೇಬಲ್ ನುಂಗುವುದು ಜಾಸ್ತಿ. ಅದೇ 15 ಮೀಟರ್ ಆರ್‌ಜಿ-58ರಲ್ಲಿ ಸುಮಾರು 9 ಡೆಸಿಬೆಲ್ ಹೋಗುತ್ತದೆ. ಡಾಂಗಲ್ ಸೇರಿ 13. ಆಂಪ್ಲಿಫೈಯರ್ ತಾರಸಿಯಲ್ಲಿದ್ದರೆ ಇದು 1.6ಕ್ಕೆ ಇಳಿಯುತ್ತದೆ, ಗಳಿಕೆ 11.4. ಮೇಜಿನ ಮೇಲೆ, ಕೇಬಲ್ ಮುಗಿದ ಮೇಲೆ ಇಟ್ಟರೆ 10.1ಕ್ಕೆ ನಿಲ್ಲುತ್ತದೆ. ಖರ್ಚು ಅಷ್ಟೇ, ಜಾಗ ತಪ್ಪಿದ್ದಕ್ಕೆ 8.5 ಡೆಸಿಬೆಲ್ ನಷ್ಟ.

ಅದಕ್ಕೂ ಮೊದಲು ಕೇಬಲ್ ಬದಲಿಸಿ. ಟಿವಿಗೆ ಎಳೆಯುವ ಆರ್‌ಜಿ-6 ಕೇಬಲ್‌ನಲ್ಲಿ ಅದೇ 15 ಮೀಟರ್‌ಗೆ ಸುಮಾರು 3 ಡೆಸಿಬೆಲ್ ಮಾತ್ರ ಹೋಗುತ್ತದೆ. 75 ಓಮ್‌ನ ಕೇಬಲ್ಲನ್ನು 50 ಓಮ್‌ನ ಡಾಂಗಲ್‌ಗೆ ಹಾಕಬಾರದು ಎಂಬ ಹೆದರಿಕೆ ಇದೆ. ಆ ಹೊಂದಾಣಿಕೆ ತಪ್ಪಿದ್ದರ ಬೆಲೆ 0.18 ಡೆಸಿಬೆಲ್ ಅಷ್ಟೇ. ಮೀಟರಿಗೆ 25 ರೂಪಾಯಿಯಂತೆ 375, ಕನೆಕ್ಟರ್‌ಗಳಿಗೆ 200: ಒಟ್ಟು 575 ರೂಪಾಯಿಗೆ 5.8 ಡೆಸಿಬೆಲ್, ಅಂದರೆ ಡೆಸಿಬೆಲ್‌ಗೆ ನೂರು.

ಎಫ್‌ಎಂನ ಹೊಡೆತ

10 ಕಿಲೊವಾಟ್ ಶಕ್ತಿಯ ಎಫ್‌ಎಂ ಕೇಂದ್ರ 5 ಕಿ.ಮೀ. ದೂರದಲ್ಲಿ, ನಡುವೆ ಅಡ್ಡಿಯಿಲ್ಲದೆ ಇದ್ದರೆ ಆ್ಯಂಟೆನಾಗೆ ಬರುವುದು ಮೈನಸ್ 16 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್). 420 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣದಿಂದ 5 ವಾಟ್‌ನಲ್ಲಿ ಬರುವ ಸಂಕೇತ ನೆತ್ತಿಯ ಮೇಲಿದ್ದಾಗಲೂ ಮೈನಸ್ 91. ಅಂತರ 75 ಡೆಸಿಬೆಲ್, ಮೂರು ಕೋಟಿ ಪಟ್ಟು. 8 ಬಿಟ್‌ನ ಡಾಂಗಲ್ ಒಂದೇ ಸಲಕ್ಕೆ ಅಳೆಯಬಲ್ಲದ್ದು ಸುಮಾರು 50 ಡೆಸಿಬೆಲ್, ಒಂದು ಲಕ್ಷ ಪಟ್ಟು. ಒಳಗಿನ ಫಿಲ್ಟರ್ ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ಟ್ಯೂನರ್‌ನ ಮೊದಲ ಹಂತಕ್ಕೆ ಎಲ್ಲವೂ ಒಟ್ಟಿಗೇ ನುಗ್ಗುತ್ತವೆ. ಅಲ್ಲಿ ವಿವಿಧ ಭಾರತಿಯ 102.9 ಮತ್ತು ರೇಡಿಯೊ ಸಿಟಿಯ 91.1 ಬೆರೆತರೆ 114.7 ಮೆಗಾಹರ್ಟ್ಸ್‌ನಲ್ಲಿ ಯಾರೂ ಪ್ರಸಾರ ಮಾಡದ ಸುಳ್ಳು ಕೇಂದ್ರ ಹುಟ್ಟುತ್ತದೆ. ಇದರ ಮೇಲೆ ಬ್ರಾಡ್‌ಬ್ಯಾಂಡ್ ಆಂಪ್ಲಿಫೈಯರ್ ಕಟ್ಟುವುದೆಂದರೆ ಕಾಸು ಕೊಟ್ಟು ತೊಂದರೆ ತಂದಂತೆ.

ಇಂಥ ಸುಳ್ಳು ಸಂಕೇತಗಳಿಗೆ ಒಂದು ಗುಣವಿದೆ: ಮೂಲ 10 ಡೆಸಿಬೆಲ್ ಇಳಿದರೆ ಅವು 30 ಇಳಿಯುತ್ತವೆ. 2,000 ರೂಪಾಯಿಯ ಎಫ್‌ಎಂ ತಡೆ ಫಿಲ್ಟರ್ 30 ಡೆಸಿಬೆಲ್ ಕಳೆದರೆ ಡೆಸಿಬೆಲ್‌ಗೆ 67 ರೂಪಾಯಿ. ಇನ್ನೂ ಅಗ್ಗದ ದಾರಿ: ಸುಮಾರು 63 ಸೆಂ.ಮೀ. ಆರ್‌ಜಿ-6 ತುಂಡನ್ನು ಟಿ ಕನೆಕ್ಟರ್‌ನಲ್ಲಿ ಕೇಬಲ್‌ಗೆ ಸಮಾಂತರವಾಗಿ ಸೇರಿಸಿ, ಇನ್ನೊಂದು ತುದಿಯನ್ನು ತೆರೆದೇ ಬಿಡುವುದು. 91.1ರಲ್ಲಿ 10, 101.3ರಲ್ಲಿ 16 ಡೆಸಿಬೆಲ್ ತಗ್ಗುತ್ತದೆ, 145.8ರಲ್ಲಿ ಕಳೆದುಕೊಳ್ಳುವುದು ಅರ್ಧ ಡೆಸಿಬೆಲ್. ಕೇಬಲ್‌ಗೆ 16, ಕನೆಕ್ಟರ್‌ಗೆ 100 ರೂಪಾಯಿ: ಕೆಟ್ಟ ಲೆಕ್ಕದಲ್ಲೂ ಡೆಸಿಬೆಲ್‌ಗೆ 12.

ಕಾಸಿಲ್ಲದ ಪರೀಕ್ಷೆಗಳು

ಒಂದು: ಆ್ಯಂಟೆನಾ ಕಳಚಿ. ಪರದೆಯ ತಳಮಟ್ಟ 10 ಡೆಸಿಬೆಲ್ ಕುಸಿದರೆ ಗದ್ದಲ ಹೊರಗಿನದು, ಆಂಪ್ಲಿಫೈಯರ್‌ನಿಂದ ಉಪಯೋಗವಿಲ್ಲ. ಕಳಚಿದರೂ ಕದಲದೆ ನಿಂತ ಗೆರೆಗಳು ಡಾಂಗಲ್‌ನವೇ: ಅದರ 28.8 ಮೆಗಾಹರ್ಟ್ಸ್ ಗಡಿಯಾರದ ಐದನೇ ಗುಣಕ ಸರಿಯಾಗಿ 144.0ಕ್ಕೆ, ಹ್ಯಾಮ್ ಪಟ್ಟಿಯ ಬಾಗಿಲಿಗೇ ಬಂದು ಕೂರುತ್ತದೆ.

ಎರಡು: ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್ ಮತ್ತು ಯುಪಿಎಸ್ ಎರಡನ್ನೂ ಆರಿಸಿ. ಗದ್ದಲ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸ್ವಿಚ್ ಹಾಕುತ್ತಾ ಹಿಡಿಯಬಹುದು. ಇಳಿಯದಿದ್ದರೆ ಪಕ್ಕದ ಮನೆ ಅಥವಾ ಬೀದಿ.

ಮೂರು: ಗೇನ್ ಇಳಿಸಿ ನೋಡಿ. ಆರ್820ಟಿ2 ಟ್ಯೂನರ್‌ನಲ್ಲಿ 0ಯಿಂದ 49.6 ಡೆಸಿಬೆಲ್‌ವರೆಗೆ 29 ಮೆಟ್ಟಿಲುಗಳಿವೆ. ಗೇನ್ ಇಳಿಸಿದಾಗ ಬೇಕಾದ ಸಂಕೇತ ಗದ್ದಲದಿಂದ ಮೇಲೆದ್ದರೆ ಕಾಯಿಲೆ ಎಫ್‌ಎಂ ಹೊಡೆತವೇ.

ನಾಲ್ಕು: ಸಂಕೇತ ಪಕ್ಕಕ್ಕೆ ಸರಿದಿದೆಯೇ ನೋಡಿ. ಅಗ್ಗದ ಕ್ರಿಸ್ಟಲ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ತಪ್ಪಿದರೆ 145.8ರಲ್ಲಿ 7.3 ಕಿಲೊಹರ್ಟ್ಸ್ ದೂರ ಹೋಗುತ್ತದೆ. 1 ಪಿಪಿಎಂನದ್ದಾದರೆ 146 ಹರ್ಟ್ಸ್. ಸಾಫ್ಟ್‌ವೇರ್‌ನಲ್ಲಿ ತಿದ್ದಲು ದುಡ್ಡು ಬೇಡ.

ಖರ್ಚಿನ ಸಾಲು

ಮೊದಲು ಈ ಪರೀಕ್ಷೆಗಳು: ಸೊನ್ನೆ ರೂಪಾಯಿ. ಆಮೇಲೆ ಆ್ಯಂಟೆನಾವನ್ನು ಮನೆಯ ವೈರಿಂಗ್‌ನಿಂದ ದೂರ, ಸಿಂಟೆಕ್ಸ್ ಟ್ಯಾಂಕು ಮತ್ತು ಸೋಲಾರ್ ಹೀಟರ್‌ಗಿಂತ ಮೇಲೆ ಏರಿಸುವುದು, 145.8ಕ್ಕೆ ಅರ್ಧ ಮೀಟರ್‌ನ ಎರಡು ತಂತಿ ಸಾಕು. ಮೂರನೆಯದು ಕೇಬಲ್ ತುಂಡಿನ ಎಫ್‌ಎಂ ತಡೆ, 116. ನಾಲ್ಕನೆಯದು ಆರ್‌ಜಿ-6, 575. ಇಲ್ಲಿಗೆ 691 ರೂಪಾಯಿ. ತೊಂದರೆ ಇನ್ನೂ ಉಳಿದರೆ ಮಾತ್ರ 2,000ದ ಫಿಲ್ಟರ್. ಆಂಪ್ಲಿಫೈಯರ್ ಕೊನೆಗೆ, ಅದೂ ಸಾವಿರ ಮೆಗಾಹರ್ಟ್ಸ್‌ನ ಆಚೆಗೆ ಕೇಳುವವರಿಗೆ, ತಾರಸಿ ಹತ್ತಿ ಆ್ಯಂಟೆನಾದ ಬುಡಕ್ಕೇ ಕಟ್ಟುವ ಮನಸ್ಸಿದ್ದವರಿಗೆ. ಕೆಳಗಿನ ಆವರ್ತನ ಕೇಳುವವರು ಆ ಮೂರು ಸಾವಿರದಲ್ಲಿ ರೇಡಿಯೊ ಹೊತ್ತು ಗೌರಿಬಿದನೂರಿನ ಕಡೆಗೆ ಹೋಗಿಬರಬಹುದು: ಊರಾಚೆ ಸಿಗುವಷ್ಟು ಡೆಸಿಬೆಲ್ ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.