ಕಲಿಯಲು ಬರುವ ತರುಣ ಅಧಿಕಾರಿ

ರೈತ ಬಾಂಧವರೇ,

ಮುಂದಾಳುತನವನ್ನು ಪುಸ್ತಕದಿಂದಷ್ಟೇ ಕಲಿಯಲಾಗದು. ಆದ್ದರಿಂದಲೇ ಹೊಸದಾಗಿ ಐ.ಎ.ಎಸ್. ಸೇರಿದವರು, 1959ರಲ್ಲಿ ಸ್ಥಾಪನೆಯಾದ ಮಸ್ಸೂರಿಯ ಅಕಾಡೆಮಿಯ ಪಾಠದೊಡನೆ, ಸುಮಾರು ಒಂದು ವರ್ಷ ಜಿಲ್ಲೆಯಲ್ಲಿದ್ದು ಕೆಲಸ ಕಲಿಯುತ್ತಾರೆ. 2011ರಲ್ಲಿ ಕೇಂದ್ರ ಸರ್ಕಾರವು ಗ್ರಾಮೀಣಾಭಿವೃದ್ಧಿ ಫೆಲೋಶಿಪ್ ಯೋಜನೆಯನ್ನು ಘೋಷಿಸಿ, ನಕ್ಸಲ್ ಹಾವಳಿಯ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳಿಗೆ ನೆರವಾಗಲು ತರುಣ ತರುಣಿಯರನ್ನು ಕಳುಹಿಸಿತು.

ಇಂಥವರಿಗೆ ನೀವೂ ಗುರುಗಳೇ. ಹಲಸೂರು ಕೆರೆಯ ಬಳಿಯ ಜೋಗುಪಾಳ್ಯದಲ್ಲಿ ಬೆಳೆದ ತರುಣನು ಕೆರೆಯನ್ನು ನೋಡಿರುತ್ತಾನೆ. ತೂಬಿನ ನೀರು ಗದ್ದೆಗೆ ಹರಿಯುವುದನ್ನು ನೋಡಿರಲಾರನು. ಅಂಥವರು ಬಂದಾಗ ಹಾರ ತುರಾಯಿ ಬೇಡ. ಹೂಳು ತುಂಬಿದ ಕಾಲುವೆಯನ್ನು ತೋರಿಸಿರಿ. ಕೊನೆಯ ಗದ್ದೆಯವನ ಮಾತನ್ನೂ ಕೇಳಿಸಿರಿ. ಒಳ್ಳೆಯದನ್ನಷ್ಟೇ ಕಂಡುಹೋದವರು, ಮುಂದೆ ಜಿಲ್ಲೆಯ ಹೊಣೆ ಹೊತ್ತಾಗ ನಿಮ್ಮ ಕಷ್ಟವನ್ನು ಅರಿಯುವುದೆಂತು?