ಅಪೋಲೋ ಬಂದರದ ವಿಜಯದ್ವಾರ

ಊರಿನಿಂದ ನೆಂಟರಿಷ್ಟರು ಬಂದರೆಂದರೆ ಮಾಟುಂಗದ ಕನ್ನಡ ಮನೆಗಳಲ್ಲಿ ‘ಗೇಟ್‌ವೇ’ ತೋರಿಸುವ ಮಾತು ಬಾರದಿರುವುದಿಲ್ಲ. ಆಬಾಲವೃದ್ಧರಾಗಿ ಎಲ್ಲರೂ ಬೋರಿಬಂದರಕ್ಕೆ ರೈಲಿನಲ್ಲಿ ಹೋಗಿ ಇಳಿಯುತ್ತಾರೆ. ನಿಲ್ದಾಣದ ಸಮೀಪದಲ್ಲೇ ಇರುವ ದೊಡ್ಡ ಅಂಚೆ ಕಚೇರಿಯ ಗುಮ್ಮಟವನ್ನು ಕಂಡು, ‘ಇದು ನಮ್ಮ ಬಿಜಾಪುರದ ಗೋಲಗುಂಬಜದಂತಿದೆಯಲ್ಲ!’ ಎಂದು ಉದ್ಗರಿಸುವವರೂ ಉಂಟು. ಆ ಮಾತು ಸುಳ್ಳಲ್ಲ. ೧೯೧೩ರಲ್ಲಿ ಮುಗಿದ ಆ ಕಟ್ಟಡಕ್ಕೆ ಸ್ಫೂರ್ತಿ ಬಿಜಾಪುರದ್ದೇ. ಅಲ್ಲಿಂದ ಅಪೋಲೋ ಬಂದರಕ್ಕೆ ನಡೆದು, ಒಂದು ಛಾಯಾಚಿತ್ರ ತೆಗೆಸಿಕೊಂಡು, ಕಡಲೆಕಾಯಿ ಮೆಲ್ಲುತ್ತ ಹಿಂದಿರುಗುವುದು ವಾಡಿಕೆ. ಆದರೆ ಗೋಡೆಯೂ ಕದವೂ ಇಲ್ಲದ ಈ ಹೆಬ್ಬಾಗಿಲು ಯಾರಿಗಾಗಿ ತೆರೆಯಿತು, ಯಾರು ಇದರ ಮೂಲಕ ಹೊರಟುಹೋದರು ಎಂಬುದನ್ನು ವಿಚಾರಿಸುವವರು ವಿರಳ.

ಇಂತಹ ದ್ವಾರಗಳ ತವರು ಪ್ರಾಚೀನ ರೋಮ್. ಶತ್ರುವನ್ನು ಗೆದ್ದು ಬಂದ ದಂಡನಾಯಕನು ನಾಲ್ಕು ಕುದುರೆಗಳ ರಥವನ್ನೇರಿ, ಕೊಳ್ಳೆಯ ಸಾಮಗ್ರಿಯನ್ನೂ ಸೆರೆಯಾಳುಗಳನ್ನೂ ಜನರಿಗೆ ಪ್ರದರ್ಶಿಸುತ್ತ ನಗರವನ್ನು ಪ್ರವೇಶಿಸುತ್ತಿದ್ದನು. ಅಂಥ ವಿಜಯಗಳ ಸ್ಮರಣೆಗಾಗಿ ಕಲ್ಲಿನ ಕಮಾನುಗಳನ್ನು ನಿಲ್ಲಿಸುತ್ತಿದ್ದರು. ಕ್ರಿ. ಶ. ೩೧೫ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಗೆ ಅರ್ಪಿತವಾದ ರೋಮಿನ ಕಮಾನು ಸುಮಾರು ೨೧ ಮೀಟರ್ ಎತ್ತರವಿದೆ. ನಡುವೆ ಒಂದು ಹಿರಿಯ ತೆರಪು, ಇಕ್ಕೆಲಗಳಲ್ಲಿ ಎರಡು ಕಿರಿಯವು. ಮುಂಬಯಿಯ ದ್ವಾರದ ವಿನ್ಯಾಸವೂ ಮೂಲತಃ ಇದೇ. ಆದರೆ ಇದರ ಶಿಲ್ಪಿ ಜಾರ್ಜ್ ವಿಟೆಟ್, ರೋಮಿನ ಕಮಾನಿಗೆ ಹದಿನಾರನೆಯ ಶತಮಾನದ ಗುಜರಾತಿನ ವಾಸ್ತುಶೈಲಿಯ ಉಡುಪನ್ನು ತೊಡಿಸಿದನು. ಹಳದಿ ಬಸಾಲ್ಟ್ ಶಿಲೆಯಿಂದಲೂ ಕಾಂಕ್ರೀಟಿನಿಂದಲೂ ಕಟ್ಟಿದ ಇದರ ಎತ್ತರ ೨೬ ಮೀಟರ್. ಜಾಲಂಧ್ರಗಳು ಗ್ವಾಲಿಯರಿನಿಂದ ಬಂದವು.

ದಿಲ್ಲಿ ದರ್ಬಾರಿಗಾಗಿ ಐದನೆಯ ಜಾರ್ಜ್ ದೊರೆಯೂ ಮೇರಿ ರಾಣಿಯೂ ೧೯೧೧ರ ಡಿಸೆಂಬರ್ ೨ರಂದು ಇಲ್ಲಿ ಬಂದಿಳಿದುದೇ ಈ ದ್ವಾರಕ್ಕೆ ನಿಮಿತ್ತ. ಅವರು ಬಂದಾಗ ಇಲ್ಲಿ ಈ ಕಮಾನು ಇರಲಿಲ್ಲ. ೧೯೧೩ರ ಮಾರ್ಚ್ ೩೧ರಂದು ಅಸ್ತಿಭಾರ ಶಿಲೆ ಬಿದ್ದು, ಸಮುದ್ರವನ್ನು ತುಂಬಿ, ಕಟ್ಟಡವೆದ್ದು, ೧೯೨೪ರ ಡಿಸೆಂಬರ್ ೪ರಂದು ವೈಸರಾಯ್ ರೀಡಿಂಗ್ ಪ್ರಭುವು ಇದನ್ನು ಉದ್ಘಾಟಿಸುವ ವೇಳೆಗೆ ದೇಶದ ಗಾಳಿಯೇ ಬೇರೆಯಾಗಿತ್ತು. ಈ ನಡುವೆ, ೧೯೧೫ರ ಜನವರಿ ೯ರಂದು, ದಕ್ಷಿಣ ಆಫ್ರಿಕಾದಿಂದ ಮರಳಿದ ಗಾಂಧೀಜಿಯವರು ಕಸ್ತೂರಬಾ ಅವರೊಡನೆ ಇದೇ ಅಪೋಲೋ ಬಂದರದಲ್ಲಿ ಇಳಿದಿದ್ದರು. ಅವರನ್ನು ಬರಮಾಡಿಕೊಳ್ಳಲು ಕಮಾನೇನೂ ಇನ್ನೂ ಎದ್ದಿರಲಿಲ್ಲ. ಕಟ್ಟಿಸಿದವರ ಕೈಯಲ್ಲಿ ಹಣವೂ ಸಾಲದೆ ಹೋಯಿತು. ದ್ವಾರಕ್ಕೆ ನೇರವಾಗಿ ಬರಬೇಕಾಗಿದ್ದ ರಾಜಮಾರ್ಗ ಕಟ್ಟಲ್ಪಡಲೇ ಇಲ್ಲ. ಆದುದರಿಂದಲೇ ಇಂದಿಗೂ ದ್ವಾರವು ತನ್ನ ಮುಂದಿನ ರಸ್ತೆಗೆ ಓರೆಯಾಗಿ ನಿಂತಿದೆ.

ಉದ್ಘಾಟನೆಯಾಗಿ ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ, ೧೯೪೮ರ ಫೆಬ್ರವರಿ ೨೮ರಂದು, ಸ್ವತಂತ್ರ ಭಾರತವನ್ನು ಬಿಟ್ಟ ಕೊನೆಯ ಬ್ರಿಟಿಷ್ ಪಡೆಯಾದ ಸಾಮರ್‌ಸೆಟ್ ಪದಾತಿದಳದ ಮೊದಲನೆಯ ತುಕಡಿ ಈ ಕಮಾನಿನ ಕೆಳಗೇ ನಡೆದು ಹಡಗನ್ನೇರಿತು. ಸಾಮ್ರಾಜ್ಯದ ಆಗಮನಕ್ಕೆಂದು ಎತ್ತಿದ ಬಾಗಿಲು ಅದರ ನಿರ್ಗಮನಕ್ಕೆ ಸಾಕ್ಷಿಯಾಯಿತು.

ರೋಮಿನಲ್ಲಿಯೂ ಇಂಥದೇ ಒಂದು ಸಂಗತಿಯುಂಟು. ಕ್ರಿ. ಶ. ೭೦ರಲ್ಲಿ ಜೆರುಸಲೇಮನ್ನು ಸೂರೆಗೊಂಡ ಟೈಟಸ್‌ನ ಕಮಾನಿನ ಒಳಮೈಯಲ್ಲಿ, ಯೆಹೂದ್ಯರ ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ರೋಮನ್ನರು ಹೊತ್ತೊಯ್ಯುವ ದೃಶ್ಯವನ್ನು ಕಂಡರಿಸಿದ್ದಾರೆ. ರೋಮಿನ ಯೆಹೂದ್ಯರು ಆ ಕಮಾನಿನ ಕೆಳಗೆ ಹಾದುಹೋಗುತ್ತಿರಲಿಲ್ಲವೆಂಬ ಪ್ರತೀತಿಯಿದೆ. ಆದರೆ ೧೯೪೯ರಲ್ಲಿ ಇಸ್ರೇಲ್ ತನ್ನ ರಾಜಲಾಂಛನಕ್ಕೆ ಆರಿಸಿಕೊಂಡುದು ಅದೇ ಶಿಲ್ಪದಲ್ಲಿರುವ ದೀಪಸ್ತಂಭದ ರೂಪವನ್ನು. ಸೋಲನ್ನು ಸಾರಲು ಕೊರೆದ ಶಿಲ್ಪ ಸೋತವರ ಗುರುತಿಗೇ ಆಧಾರವಾಯಿತು.

ಕನ್ನಡ ನಾಡಿನ ಅರಸರೂ ವಿಜಯಸ್ಮಾರಕಗಳನ್ನು ನಿಲ್ಲಿಸಿದವರೇ. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಎಂಟನೆಯ ಶತಮಾನದಲ್ಲಿ ಪಲ್ಲವರ ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದುದೇ ಈಗಿನ ವಿರೂಪಾಕ್ಷ ದೇವಾಲಯ. ಅದಕ್ಕಿಂತ ಹೃದಯವನ್ನು ತಟ್ಟುವುದು ಕಂಚಿಯ ಕೈಲಾಸನಾಥ ದೇವಾಲಯದಲ್ಲಿರುವ ಆತನ ಕನ್ನಡ ಶಾಸನ. ದೇವಾಲಯದ ಐಶ್ವರ್ಯವನ್ನು ಕಂಡ ಅರಸನು ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಮರಳಿ ಒಪ್ಪಿಸಿದನೆಂದು ಅದು ತಿಳಿಸುತ್ತದೆ. ತಮಿಳು ನೆಲದ ದೇಗುಲದಲ್ಲಿ ಆ ಕನ್ನಡ ಬರಹ ಇಂದಿಗೂ ಉಳಿದಿದೆ.

ಗೇಟ್‌ವೇಯ ಪಕ್ಕದಿಂದ ಹೊರಡುವ ದೋಣಿಗಳು ಘಾರಾಪುರಿಯ ಗುಹೆಗಳಿಗೆ ಹೋಗುತ್ತವೆ. ಇಮ್ಮಡಿ ಪುಲಕೇಶಿಯು ನೌಕಾಬಲದಿಂದ ಮುತ್ತಿದ ‘ಪುರಿ’ಯೆಂದು ಕ್ರಿ. ಶ. ೬೩೪ರ ಐಹೊಳೆ ಶಾಸನ ಹೇಳುವ ನಗರ ಈ ದ್ವೀಪವೇ ಎಂದು ಕೆಲವು ವಿದ್ವಾಂಸರ ಮತ. ಜೀವನೋಪಾಯಕ್ಕಾಗಿ ಈ ಮಹಾನಗರಿಗೆ ಬಂದ ಕನ್ನಡಿಗರಿಗೆ ಯಾರೂ ಕಮಾನು ಕಟ್ಟಿ ಸ್ವಾಗತಿಸಲಿಲ್ಲ. ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ಹೊತ್ತು ದಾದರಿನಲ್ಲೋ ಬೋರಿಬಂದರದಲ್ಲೋ ಇಳಿದು ಬಂದವರು ಅವರು. ಹಾಗಿದ್ದೂ ದ್ವಾರ ಉದ್ಘಾಟನೆಯಾದ ಎರಡೇ ವರ್ಷಗಳಲ್ಲಿ, ೧೯೨೬ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ ಜನ್ಮತಾಳಿತು.

ದ್ವಾರಕ್ಕೆ ೨೦೨೪ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿತು. ದೊರೆಯ ಹೆಸರು ಅದರ ನೆತ್ತಿಯ ಮೇಲೆ ಇನ್ನೂ ಇದೆ. ಎದುರಿನ ಉದ್ಯಾನದಲ್ಲಿ ೧೯೬೧ರಿಂದ ಶಿವಾಜಿ ಮಹಾರಾಜರ ಅಶ್ವಾರೂಢ ಪ್ರತಿಮೆಯಿದೆ. ಮುಂದಿನ ಸಲ ಮಕ್ಕಳನ್ನು ಕರೆದೊಯ್ಯುವವರು ಬಿಸಿಲೇರುವ ಮುನ್ನವೇ ಹೋಗಿ, ಮೇಲಿನ ಆ ಬರಹವನ್ನು ಅವರಿಂದಲೇ ಓದಿಸಿ, ಬಂದವರ ಕತೆಯೊಡನೆ ಹೋದವರ ಕತೆಯನ್ನೂ ಹೇಳಿದರೆ, ಛಾಯಾಚಿತ್ರಕ್ಕಿಂತ ಹೆಚ್ಚು ಬಾಳುವುದೊಂದನ್ನು ಮನೆಗೆ ತಂದಂತಾಗುತ್ತದೆ.